ಫೊರೆನ್ಸಿಕ್ ಮೆಡಿಸಿನ್ ಓದುವುದು ಹೇಗೆ? ಮಂಡ್ಯದ ಕ್ಯಾಶುಯಾಲಿಟಿಯಿಂದ ಶುರು ಮಾಡಿ

"ಸಾ, ನಮ್ಮಪ್ಪ ಔಸ್ದಿ ಕುಡ್ಬುಟ್ಟವ್ನೆ."

ಮಂಡ್ಯ ಕಡೆಯ ಕ್ಯಾಶುಯಾಲಿಟಿಯಲ್ಲಿ ಒಂದಷ್ಟು ರಾತ್ರಿ ಡ್ಯೂಟಿ ಮಾಡಿದರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಇಲ್ಲಿ ಔಷಧಿ ಅಂದರೆ ಗದ್ದೆಗೆ ಹೊಡೆಯುವ ಔಷಧಿ, ಕೀಟನಾಶಕ. ನಾನು ಹೌಸ್ ಸರ್ಜನ್ ಆಗಿದ್ದಾಗ ದೂರದ ಊರಿನಿಂದ ಬಂದಿದ್ದ ಗೆಳೆಯನೊಬ್ಬ ಇದನ್ನು ಕೇಳಿಸಿಕೊಂಡು, "ಯಾವ ಮಾತ್ರೆ? ಎಷ್ಟು ನುಂಗಿದರು?" ಅಂತ ಆ ಹುಡುಗಿಯನ್ನು ಕೇಳುತ್ತಾ ನಿಂತಿದ್ದ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅವಳ ಅಪ್ಪನ ಬಾಯಿಂದ ನೊರೆ ಇಳಿಯುತ್ತಿತ್ತು. ಪಕ್ಕದಲ್ಲಿದ್ದ ಸಿಸ್ಟರ್‌ಗೆ ಮೂಗಿಗೆ ವಾಸನೆ ಹತ್ತಿತು, ಮಾತಾಡದೆ ಈ ವಿಷಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್ನಿನ ಟ್ರೇ ತಂದಿಟ್ಟರು.

ಮೂರನೇ ವರ್ಷದ ಹುಡುಗ ಹುಡುಗಿಯರು ನನ್ನನ್ನು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ. ಫೊರೆನ್ಸಿಕ್ ಮೆಡಿಸಿನ್, ಅಂದರೆ ಪೊಲೀಸು, ಕೋರ್ಟಿಗೆ ಬೇಕಾಗುವ ವೈದ್ಯಶಾಸ್ತ್ರವನ್ನು, ಹತ್ತು ದಿನದಲ್ಲಿ ಮುಗಿಸಬಹುದಾ? ಪಾಸಾಗುವಷ್ಟು ಮುಗಿಸಬಹುದು. ಆದರೆ ಎಂಬಿಬಿಎಸ್ ಮುಗಿಸಿ ನಾಗಮಂಗಲದಲ್ಲೋ ಹುಣಸೂರಿನಲ್ಲೋ ಡ್ಯೂಟಿ ಡಾಕ್ಟರಾಗಿ ಕೂತ ದಿನ ಗಾಯದ ಸರ್ಟಿಫಿಕೇಟ್ ಬರೆಯುವವರು ನೀವೇ, ಪೋಸ್ಟ್ ಮಾರ್ಟಂ ಮಾಡುವವರು ನೀವೇ, ವರ್ಷಗಳು ಕಳೆದ ಮೇಲೆ ಕೋರ್ಟಿನಲ್ಲಿ ನಿಂತು ಆ ಕಾಗದವನ್ನು ಓದಿ ಹೇಳುವವರೂ ನೀವೇ. ಅದಕ್ಕೇ ನಾನು ಹೇಳುವ ದಾರಿ ಸ್ವಲ್ಪ ಬೇರೆ. ಇಡೀ ಸಬ್ಜೆಕ್ಟನ್ನು ಒಂದೇ ಅಭ್ಯಾಸದ ಸುತ್ತ ಓದಿ. ಮೊದಲು ಕಂಡದ್ದನ್ನು ಬರೆಯುವುದು, ಅದರ ಅರ್ಥ ಹೇಳುವುದು ಆಮೇಲೆ. ಎರಡನ್ನೂ ಒಂದೇ ಸಾಲಿಗೆ ತುರುಕಬೇಡಿ.

ಗಾಯ

ಪುಸ್ತಕದಲ್ಲಿ ಗಾಯಗಳ ಅಧ್ಯಾಯ ಮಧ್ಯದಲ್ಲೆಲ್ಲೋ ಬರುತ್ತದೆ. ನೀವು ಅದನ್ನೇ ಮೊದಲು ತೆಗೆಯಿರಿ. ಯಾಕೆಂದರೆ ಹೆಣ ನೋಡುವ ಮೊದಲೇ ನೀವು ಗಾಯ ನೋಡುತ್ತೀರಿ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು, ನೀರಿನ ಸರದಿಗೆ ಜಗಳವಾಡಿ ಹೊಡೆಸಿಕೊಂಡವರು, ಕಬ್ಬು ಕಡಿಯುವಾಗ ಮಚ್ಚು ತಗುಲಿಸಿಕೊಂಡವರು, ಎಲ್ಲರೂ ಬರುತ್ತಾರೆ.

ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ತಲೆಗೆ ಏಟು ಬಿದ್ದ ಒಬ್ಬ ರೈತರು ರಾತ್ರಿ ಬಂದರು. ಗಾಯ ನೇರವಾಗಿತ್ತು, ಗೆರೆ ಎಳೆದ ಹಾಗೆ. ನಾನು 'ಇನ್ಸೈಸ್ಡ್ ವೂಂಡ್, ತಲೆಯ ಮೇಲೆ, 5 ಸೆಂ.ಮೀ.' ಅಂತ ಒಂದೇ ಸಾಲು ಬರೆದೆ. ಕೂದಲು ಬೋಳಿಸಿ ಹೊಲಿಗೆ ಹಾಕಿದೆವು. ಎರಡು ವರ್ಷದ ಮೇಲೆ ಸಮನ್ಸ್ ಬಂತು. ಅವರನ್ನು ಹೊಡೆದಿದ್ದು ದೊಣ್ಣೆಯಲ್ಲಿ, ನೋಡಿದ ಸಾಕ್ಷಿಗಳೂ ಇದ್ದರು. ವಕೀಲರು ನನ್ನನ್ನು ಕೇಳಿದ್ದು ಇಷ್ಟೇ: "ಡಾಕ್ಟ್ರೇ, ಇನ್ಸೈಸ್ಡ್ ಅಂದರೆ ಹರಿತವಾದ ಆಯುಧದಿಂದ ಆದದ್ದು, ಅಲ್ವಾ? ದೊಣ್ಣೆ ಹರಿತವಾಗಿರುತ್ತಾ?" ಅಂಚು ಹೇಗಿತ್ತು ಅಂತ ನಾನು ಬರೆದಿರಲಿಲ್ಲ. ಬರೆಯದೇ ಇದ್ದದ್ದನ್ನು ಅಲ್ಲಿ ನಿಂತು ನೆನಪು ಮಾಡಿಕೊಳ್ಳಲು ಆಗಲಿಲ್ಲ. ಪೆಟ್ಟು ತಿಂದವರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನನ್ನಿಂದ ಅವರ ಮಾತೇ ಸುಳ್ಳಿನ ಹಾಗೆ ಕಂಡಿತಲ್ಲ ಅಂತ ಇವತ್ತಿಗೂ ನೋವಾಗುತ್ತದೆ.

ಆಗಿದ್ದೇನು ಅಂದರೆ, ಬುರುಡೆಯ ಮೇಲೆ ಚರ್ಮ ಬಿಗಿಯಾಗಿ ಕೂತಿರುತ್ತದೆ. ಮೊಂಡು ವಸ್ತು ಬಿದ್ದಾಗ ಚರ್ಮ ಎಲುಬಿಗೂ ದೊಣ್ಣೆಗೂ ನಡುವೆ ಸಿಕ್ಕಿ ಬಿರಿಯುತ್ತದೆ. ಬಿರಿತ ನೇರವಾಗಿಯೇ ಬರುತ್ತದೆ. ಹುಬ್ಬು, ಕೆನ್ನೆಯ ಎಲುಬು, ಮೊಣಕಾಲಿನ ಕೆಳಗಿನ ಮುಂಗಾಲು, ಇಲ್ಲೆಲ್ಲಾ ಹೀಗೇ. ನೋಡಲು ಕತ್ತರಿಸಿದ ಗಾಯ, ನಿಜವಾಗಿ ಲ್ಯಾಸರೇಶನ್, ಅಂದರೆ ಜಜ್ಜಿ ಹರಿದ ಗಾಯ. ಕೈಮಸೂರ ಹಿಡಿದು ನೋಡಿದರೆ ಸಾಕಿತ್ತು. ಅಂಚು ಜಜ್ಜಿರುತ್ತದೆ, ಕೂದಲಿನ ಬುಡ ಅಪ್ಪಚ್ಚಿಯಾಗಿರುತ್ತದೆ, ಗಾಯವನ್ನು ಮೆಲ್ಲಗೆ ಅಗಲಿಸಿದರೆ ಒಳಗೆ ಈ ದಡದಿಂದ ಆ ದಡಕ್ಕೆ ದಾರದಂಥ ಎಳೆಗಳು ಉಳಿದಿರುತ್ತವೆ. ಚೂರಿ ಆ ಎಳೆಗಳನ್ನು ಉಳಿಸುವುದಿಲ್ಲ.

ಈಗ ನಾನು ಬರೆಯುವುದು ಹೀಗೆ: 'ಬಲ ಹುಬ್ಬಿನ ಮೇಲೆ, ನಡುಗೆರೆಯಿಂದ 4 ಸೆಂ.ಮೀ. ಬಲಕ್ಕೆ, 3 × 0.5 ಸೆಂ.ಮೀ., ಎಲುಬಿನವರೆಗೆ ಆಳ, ಅಂಚು ಜಜ್ಜಿದೆ, ತಳದಲ್ಲಿ ಎಳೆಗಳಿವೆ, ಮಣ್ಣು ಹತ್ತಿದೆ, ಹಸಿ ರಕ್ತ.' ಹೆಸರು ತಪ್ಪಿದರೂ ಈ ಸಾಲು ನಿಮ್ಮನ್ನು ಕಾಪಾಡುತ್ತದೆ. ಹೊಲಿಗೆ ಹಾಕುವ ಮೊದಲು ಅಳೆಯಿರಿ, ಆಮೇಲೆ ಸಾಧ್ಯವಿಲ್ಲ. ಇರಿತದ ಗಾಯದ ಆಳ ನೋಡುತ್ತೇನೆ ಅಂತ ಕಡ್ಡಿ ತೂರಿಸಲು ಹೋಗಬೇಡಿ, ಹೆಪ್ಪುಗಟ್ಟಿದ ರಕ್ತ ಕಳಚಿ ಮತ್ತೆ ಹರಿಯಲು ಶುರುವಾಗುತ್ತದೆ.

ಕಂದಿದ ಗಾಯದ ಬಣ್ಣ ಬಾಯಿಪಾಠ ಮಾಡುವ ಬದಲು ಒಂದು ಕೆಲಸ ಮಾಡಿ. ಮುಂದಿನ ಸಲ ನಿಮ್ಮ ಮೊಣಕಾಲು ಮಂಚಕ್ಕೆ ಬಡಿದು ಕಂದಿದಾಗ ದಿನಾ ಒಂದೇ ಬೆಳಕಿನಲ್ಲಿ ಒಂದು ಫೋಟೊ ತೆಗೆಯಿರಿ. ಮೊದಲು ಕೆಂಪು, ಆಮೇಲೆ ನೀಲಿ, ನಾಲ್ಕನೇ ದಿನದ ಹೊತ್ತಿಗೆ ಕಂದು, ಐದಾರು ದಿನಕ್ಕೆ ಹಸಿರು, ಒಂದು ವಾರ ದಾಟಿದರೆ ಹಳದಿ, ಎರಡು ವಾರಕ್ಕೆ ಮಾಯ. ಪುಸ್ತಕದಲ್ಲಿರುವುದು ಇದು. ನಿಮ್ಮದು ಒಂದೆರಡು ದಿನ ಆಚೀಚೆ ಆಗುತ್ತದೆ. ಹಾಗೆ ಆಗುವುದನ್ನು ಕಣ್ಣಾರೆ ನೋಡಿದವರು ಕೋರ್ಟಿನಲ್ಲಿ 'ಖಂಡಿತ ಮೂರು ದಿನದ ಗಾಯ' ಅಂತ ಹೇಳಲು ಹೋಗುವುದಿಲ್ಲ.

ಹಾಗೆಯೇ 'ಕುಡಿದಿದ್ದರು' ಅಂತ ಬರೆಯಬೇಡಿ. ಬಾಯಲ್ಲಿ ಮದ್ಯದ ವಾಸನೆ, ಮಾತು ತೊದಲು, ನಡಿಗೆ ತೂರಾಟ, ಇವನ್ನು ಬರೆಯಿರಿ. ರಕ್ತ ತೆಗೆಯುವುದಾದರೆ ಚರ್ಮವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬೇಡಿ. ಒರೆಸಿದರೆ ಆಲ್ಕೋಹಾಲ್ ನೀವೇ ಸೇರಿಸಿದಿರಿ ಅಂತಾರೆ.

ಸೆಕ್ಷನ್‌ಗಳು

ಇದನ್ನು ಬೇಗ ಮುಗಿಸೋಣ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಅದಕ್ಕೂ ಮೊದಲು ನಡೆದ ಅಪರಾಧಗಳು ಹಳೇ ಐಪಿಸಿ ಕೆಳಗೇ ನಡೆಯುತ್ತವೆ, ಹಾಗಾಗಿ ಎರಡೂ ಗೊತ್ತಿರಬೇಕು. ಕೊಲೆಗೆ 302 ಇದ್ದದ್ದು ಭಾರತೀಯ ನ್ಯಾಯ ಸಂಹಿತೆಯಲ್ಲಿ 103. ಪೊಲೀಸರು ಮಾಡುವ ಶವ ಮಹಜರು ಸಿಆರ್‌ಪಿಸಿ 174 ಇದ್ದದ್ದು ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 194, ಮ್ಯಾಜಿಸ್ಟ್ರೇಟ್ ಮಾಡುವುದು 196. ಮರಣ ಹೇಳಿಕೆ ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 32 ಇದ್ದದ್ದು ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 26. ಗಂಭೀರ ಗಾಯ ಐಪಿಸಿ 320 ಇದ್ದದ್ದು ನ್ಯಾಯ ಸಂಹಿತೆಯಲ್ಲಿ 116. ಇಲ್ಲಿ ನಂಬರು ಮಾತ್ರ ಬದಲಾಗಿಲ್ಲ. ಎಂಟನೇ ಅಂಶದಲ್ಲಿ, ಅಂದರೆ ತೀವ್ರ ನೋವಿರುವ ಅಥವಾ ಮಾಮೂಲಿ ಕೆಲಸ ಮಾಡಲಾಗದ ದಿನಗಳ ಲೆಕ್ಕದಲ್ಲಿ, 20 ದಿನ ಇದ್ದದ್ದು 15 ದಿನ ಆಗಿದೆ. ಸೀನಿಯರ್ ಕೊಟ್ಟ ಹಳೇ ನೋಟ್ಸ್ ಓದುವವರು ವೈವಾದಲ್ಲಿ ಸಿಕ್ಕಿಬೀಳುವುದು ಇಲ್ಲೇ.

ಇನ್ನೊಂದು. ಪೊಲೀಸರು ಬರಲಿ, ಆಮೇಲೆ ನೋಡೋಣ ಅಂತ ಯಾರನ್ನೂ ಕಾಯಿಸಬೇಡಿ. ಮೊದಲು ಜೀವ ಉಳಿಸಬೇಕು, ಕಾಗದ ಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಕೇಸಿನಲ್ಲಿ ಹೇಳಿದೆ.

ಮರಣ ಹೇಳಿಕೆ ಬರೆದುಕೊಳ್ಳಬೇಕಾದವರು ಮ್ಯಾಜಿಸ್ಟ್ರೇಟ್. ರೋಗಿಗೆ ಬುದ್ಧಿ ಸ್ವಾಧೀನ ಇದೆ ಅಂತ ಹೇಳುವುದು ನಿಮ್ಮ ಕೆಲಸ. ಮ್ಯಾಜಿಸ್ಟ್ರೇಟ್ ಬರುವಷ್ಟು ಸಮಯವಿಲ್ಲ ಅನ್ನಿಸಿದರೆ ಇಬ್ಬರು ಸಾಕ್ಷಿಗಳ ಎದುರು ನೀವೇ ಬರೆದುಕೊಳ್ಳಬೇಕು. ಪ್ರಮಾಣ ಮಾಡಿಸಬೇಕಾಗಿಲ್ಲ. 'ಗಂಡ ಬೆಂಕಿ ಹಚ್ಚಿದನಾ?' ಅಂತ ಕೇಳಬೇಡಿ, 'ಏನಾಯ್ತು ತಾಯಿ?' ಅಂತ ಕೇಳಿ. ಅವರು ಆಡಿದ ಮಾತು ಆಡಿದ ಹಾಗೇ ಇರಲಿ. "ಔಸ್ದಿ ಕುಡುಸ್ಬುಟ್ರು" ಅಂದರೆ ಅದನ್ನೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ.

ಶವಾಗಾರದಲ್ಲಿ

ಮೊದಲ ದಿನ ತಲೆ ಸುತ್ತುತ್ತದೆ. ಏನೂ ತಿನ್ನದೆ ಹೋದವರಿಗೆ ಜಾಸ್ತಿ ಸುತ್ತುತ್ತದೆ, ಒಂದು ಇಡ್ಲಿಯಾದರೂ ತಿಂದು ಹೋಗಿ. ಆಚೆ ಮರದ ಕೆಳಗೆ ಕೂತ ಮನೆಯವರು ಒಳಗಿನ ನಗುವನ್ನು ಕೇಳಿಸಿಕೊಳ್ಳುತ್ತಾರೆ, ಅದು ನೆನಪಿರಲಿ.

ಹೊಟ್ಟೆ ಕೊಯ್ಯುವುದನ್ನು ನೋಡಲು ಎಲ್ಲರೂ ಮುಂದೆ ನುಗ್ಗುತ್ತಾರೆ. ನೀವು ಅದಕ್ಕೂ ಮೊದಲಿನ ಅರ್ಧ ಗಂಟೆಯನ್ನು ಬಿಡಬೇಡಿ. ಪೊಲೀಸರ ಕೋರಿಕೆ ಪತ್ರ, ಮಹಜರು ಓದಿ. ಬಟ್ಟೆ ನೋಡಿ, ಹರಿದಿದೆಯಾ, ಗುಂಡಿ ಕಿತ್ತಿದೆಯಾ, ಏನು ವಾಸನೆ. ಆಮೇಲೆ ಸಾವಿನ ಸಮಯ. ಬೇಸಿಗೆಯಲ್ಲಿ ಮರಗಟ್ಟುವಿಕೆ ಎರಡು ಮೂರು ಗಂಟೆಗೆ ಶುರುವಾಗಿ ಸುಮಾರು 12 ಗಂಟೆಗೆ ಇಡೀ ಮೈಗೆ ಹರಡುತ್ತದೆ, ಚಳಿಗಾಲಕ್ಕಿಂತ ಬೇಗ ಸಡಿಲವಾಗುತ್ತದೆ. ದವಡೆ, ಕುತ್ತಿಗೆ, ಮೊಣಕೈ ಮುಟ್ಟಿ ನೋಡಿ. ಕೆಳಮುಖವಾಗಿ ಇಳಿದ ರಕ್ತದ ಕಲೆ ಆರರಿಂದ ಎಂಟು ಗಂಟೆಗೆ ನೆಲೆಯೂರುತ್ತದೆ. ಹೊಟ್ಟೆಯ ಬಲ ಕೆಳಭಾಗದಲ್ಲಿ ಹಸಿರು ಮಚ್ಚೆ ಬೇಸಿಗೆಯಲ್ಲಿ 12ರಿಂದ 18 ಗಂಟೆಗೇ ಕಾಣುತ್ತದೆ. ಅಲ್ಲೇ ಯಾಕೆ? ಸೀಕಮ್, ಅಂದರೆ ದೊಡ್ಡ ಕರುಳಿನ ಶುರುವಿನ ಭಾಗ, ಚರ್ಮಕ್ಕೆ ಹತ್ತಿರ, ಒಳಗೆ ಇರುವುದು ನೀರಾದ ಮಲ, ಬ್ಯಾಕ್ಟೀರಿಯಾ ತುಂಬಿದ್ದು. ಆದರೆ ಶವವನ್ನು ಫ್ರೀಜರಿನಲ್ಲಿ ಇಟ್ಟಿದ್ದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಎಷ್ಟು ಗಂಟೆಗೆ ಇಟ್ಟರು ಅಂತ ಶವಾಗಾರದ ಸಿಬ್ಬಂದಿಯನ್ನು ಕೇಳಿ ಬರೆದುಕೊಳ್ಳಿ.

ನಮ್ಮ ಕಡೆ ನಾಲೆಯ ಸಾವುಗಳು ಜಾಸ್ತಿ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದದ್ದನ್ನು ಮಂಡ್ಯದವರು ಯಾರೂ ಮರೆತಿಲ್ಲ. ಬಸ್ಸಿನ ಕೇಸಿನಲ್ಲಿ ಕಾರಣ ಗೊತ್ತಿರುತ್ತದೆ. ನಾಲೆಯಲ್ಲಿ ಒಂಟಿ ಹೆಣ ತೇಲಿ ಬಂದಾಗ ಕಷ್ಟ. 'ನೀರಿನಲ್ಲಿ ಸಿಕ್ಕಿತು' ಮತ್ತು 'ನೀರಿನಲ್ಲಿ ಮುಳುಗಿ ಸತ್ತರು', ಇವೆರಡನ್ನೂ ಬೇರೆ ಮಾಡಲು ಕಲಿತರೆ ಉಸಿರುಗಟ್ಟಿದ ಸಾವುಗಳ ಅಧ್ಯಾಯ ಅರ್ಧ ಬಂದ ಹಾಗೆ. ಅಂಗೈ ಚರ್ಮ ಬಿಳುಚಿ ಸುಕ್ಕುಗಟ್ಟಿದೆ, ಮೈಮೇಲೆ ಮುಳ್ಳು ಎದ್ದಿದೆ ಅಂದರೆ ಶವ ನೀರಿನಲ್ಲಿತ್ತು ಅಂತ ಮಾತ್ರ. ಕೊಂದು ಹಾಕಿದರೂ ಅವು ಬರುತ್ತವೆ. ಬಾಯಿ ಮೂಗಿನಲ್ಲಿ ಬಿಳಿ, ನುಣ್ಣನೆ, ಸೋಪಿನಂಥ ನೊರೆ, ಒರೆಸಿ ಎದೆ ಒತ್ತಿದರೆ ಮತ್ತೆ ಬರುವಂಥದ್ದು ಇದ್ದರೆ ಅದು ಉಸಿರಾಡಿದ ಗುರುತು. ಒಮ್ಮೆ ಒಬ್ಬ ಯುವಕನ ಬಲಮುಷ್ಟಿ ಬಿಡಿಸಿದಾಗ ಒಳಗೆ ದಡದ ಹುಲ್ಲು, ಬೇರು ಸಮೇತ, ಬೆರಳ ಸಂದಿಯಲ್ಲಿ ಕೆಸರು. ಬೇರೆ ಬೆರಳುಗಳಿಗಿಂತ ಆ ಮುಷ್ಟಿ ಬಿಡಿಸಲು ಎಷ್ಟು ಬಲ ಬೇಕಾಯಿತು ಅಂತ ಕೈಗೆ ಗೊತ್ತಾಯಿತು. ಜೀವ ಇದ್ದಾಗಲೇ ಹಿಡಿದ ಹಿಡಿತ ಅದು. ಕೊನೆಯ ಗಳಿಗೆಯಲ್ಲಿ ದಡ ಹಿಡಿಯಲು ನೋಡಿದ್ದ. ಡಯಾಟಮ್ (ನೀರಿನಲ್ಲಿರುವ ಕಣ್ಣಿಗೆ ಕಾಣದ ಪಾಚಿ) ಪರೀಕ್ಷೆಗೆ ಎಲುಬಿನ ಮಜ್ಜೆ ಕಳಿಸುವಾಗ ಅದೇ ಜಾಗದ ನಾಲೆ ನೀರೂ ಒಂದು ಬಾಟಲಿ ಜೊತೆಗೆ ಹೋಗಬೇಕು. ಹೋಲಿಸಲು ಏನಾದರೂ ಬೇಕಲ್ಲ.

ವಿಷದ ಅನುಮಾನ ಇದ್ದರೆ ಒಳ ಅಂಗ ಇಡಬೇಕು. ಹೊಟ್ಟೆ ಮತ್ತು ಅದರಲ್ಲಿರುವುದು, ಸಣ್ಣ ಕರುಳಿನ ಮೊದಲ 30 ಸೆಂ.ಮೀ. ಒಂದು ಬಾಟಲಿಗೆ. ಲಿವರ್ ತುಂಡು, ಎರಡೂ ಕಿಡ್ನಿಯ ಅರ್ಧರ್ಧ ಇನ್ನೊಂದಕ್ಕೆ. ರಕ್ತ, ಮೂತ್ರ ಬೇರೆ ಬೇರೆ. ಸಾಮಾನ್ಯವಾಗಿ ಹಾಕುವುದು ಅಡುಗೆ ಉಪ್ಪಿನ ಸಂತೃಪ್ತ ದ್ರಾವಣ, ಅಂದರೆ ಎಷ್ಟು ಕಲಕಿದರೂ ತಳದಲ್ಲಿ ಉಪ್ಪು ಉಳಿಯಬೇಕು. ಮದ್ಯದ ಅನುಮಾನ ಇದ್ದರೆ ಸ್ಪಿರಿಟ್ ಹಾಕಬಾರದು. ಫಾರ್ಮಲಿನ್ ಯಾವತ್ತೂ ಬೇಡ, ಅದು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸುವ ತುಂಡುಗಳಿಗೆ. ಬಾಟಲಿ ಮೂರರಲ್ಲಿ ಎರಡು ಭಾಗ ತುಂಬಿದರೆ ಸಾಕು, ಪೂರ್ತಿ ತುಂಬಿದರೆ ಗ್ಯಾಸ್ ಕಟ್ಟಿ ಒಡೆಯುತ್ತದೆ. ಹಾಕಿದ ದ್ರಾವಣದ ಸ್ಯಾಂಪಲ್ಲೂ ಇಡಿ. ಅರಗು, ಮೊಹರು, ಲೇಬಲ್, ಪೊಲೀಸರಿಂದ ರಸೀದಿ. ಮೈಸೂರಿನಲ್ಲೇ ಪ್ರಾದೇಶಿಕ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ಇದೆ, ಆದರೂ ವರದಿ ಕೈಗೆ ಬರಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಅಭಿಪ್ರಾಯ ಕಾಯ್ದಿರಿಸಿದೆ ಅಂತ ಬರೆಯುವುದು ತಪ್ಪೇನಲ್ಲ.

ವಿಷ

ಟಾಕ್ಸಿಕಾಲಜಿಯನ್ನು ಪುಸ್ತಕದ ಕ್ರಮದಲ್ಲಿ ಓದಿದರೆ ಆಮ್ಲ, ಪಾದರಸ, ಆರ್ಸೆನಿಕ್ ಅಂತ ಹೋಗುತ್ತದೆ. ನೀವು ನಿಮ್ಮ ಜಿಲ್ಲೆಯ ಕ್ರಮದಲ್ಲಿ ಓದಿ. ಇಲ್ಲಿ ಮೊದಲು ಕೀಟನಾಶಕ, ಆಮೇಲೆ ಇಲಿ ಪಾಷಾಣ, ಹಾವು, ಆಮೇಲೆ ಉಳಿದದ್ದು.

ಮನೆಯವರಿಗೆ ಮೊದಲು ಹೇಳಬೇಕಾದ ಮಾತು "ಬಾಟಲಿ ತನ್ನಿ". ಲೇಬಲ್ಲಿನ ಮೇಲೆ ಮೂಲೆ ಮೇಲಾಗಿ ನಿಂತ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕಂಪನಿ ಹೆಸರು ಬಿಟ್ಟು ಸಣ್ಣ ಅಕ್ಷರದ ರಾಸಾಯನಿಕ ಹೆಸರು ಬರೆದುಕೊಳ್ಳಿ. 2018ರ ಡಿಸೆಂಬರ್‌ನಲ್ಲಿ ಸುಳ್ವಾಡಿಯ ಮಾರಮ್ಮನ ಪ್ರಸಾದದಲ್ಲಿ ಬೆರೆತಿದ್ದ ಮೊನೊಕ್ರೊಟೊಫಾಸ್ ಕೆಂಪು ಗುಂಪಿನದು. ಪ್ರಸಾದ ತಿಂದವರನ್ನು ತುಂಬಿಕೊಂಡು ಆವತ್ತು ಆಂಬ್ಯುಲೆನ್ಸುಗಳು ಬಂದದ್ದು ಮೈಸೂರಿಗೇ.

ಮೊನೊಕ್ರೊಟೊಫಾಸ್‌ನಂಥ ಆರ್ಗನೊಫಾಸ್ಫೇಟ್ ಕೀಟನಾಶಕಗಳ ವಿಷದಲ್ಲಿ ಮೈಯ ನೀರೆಲ್ಲಾ ಆಚೆ ಬರುತ್ತದೆ. ಜೊಲ್ಲು, ಕಣ್ಣೀರು, ಬೆವರು, ಭೇದಿ, ಎದೆಯಲ್ಲಿ ಗೊರಗೊರ. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು. ಮಾಂಸಖಂಡ ಅಲ್ಲಲ್ಲಿ ಅದುರುತ್ತಿರುತ್ತದೆ. ಜೀವ ತೆಗೆಯುವುದು ಮುಖ್ಯವಾಗಿ ಎದೆಯ ನೀರು ಮತ್ತು ಉಸಿರಾಟದ ಸೋಲು. ಗ್ಲೌಸ್ ಹಾಕಿ, ಬಟ್ಟೆ ಪೂರ್ತಿ ಬಿಚ್ಚಿ, ಸೋಪು ನೀರಿನಲ್ಲಿ ತೊಳೆಸಿ. ಬಟ್ಟೆ ಎಸೆಯಬೇಡಿ, ಅದು ಪುರಾವೆ. ಅಟ್ರೋಪಿನ್ ದೊಡ್ಡವರಿಗೆ 1.8ರಿಂದ 3 ಮಿ.ಗ್ರಾಂ. ರಕ್ತನಾಳಕ್ಕೆ, ಅಂದರೆ 0.6 ಮಿ.ಗ್ರಾಂ. ಆಂಪ್ಯೂಲ್ 3ರಿಂದ 5. ಐದು ನಿಮಿಷ ಬಿಟ್ಟು ಎದೆಗೆ ಸ್ಟೆತ್ ಇಡಿ. ಗೊರಗೊರ ಹೋಗಿಲ್ಲವಾ, ಡೋಸ್ ಇಮ್ಮಡಿ ಮಾಡಿ. ಎದೆ ತಿಳಿಯಾಗಬೇಕು, ನಾಡಿ 80 ದಾಟಬೇಕು, ಮೇಲಿನ ಬಿ.ಪಿ. 80 ದಾಟಬೇಕು. ಪಾಪೆ ಅಗಲವಾಯಿತು ಅಂತ ನಿಲ್ಲಿಸುವುದು ಹಳೇ ತಪ್ಪು. ಕೊಟ್ಟದ್ದು ಜಾಸ್ತಿಯಾದರೆ ರೋಗಿ ಬಡಬಡಿಸುತ್ತಾರೆ, ಮೈ ಕಾಯುತ್ತದೆ, ಮೂತ್ರ ನಿಲ್ಲುತ್ತದೆ. ದತ್ತೂರಿ ತಿಂದವರ ಹಾಗೆಯೇ. ಹೀಗೆ ಓದಿದರೆ ದತ್ತೂರಿಗೆ ಬೇರೆ ದಿನ ಬೇಕಾಗುವುದಿಲ್ಲ, ಅಲ್ವಾ?

ಮೊದಲ ದಿನ ಕಳೆಯಿತು ಅಂತ ನಿರಾಳವಾಗಬೇಡಿ. 24ರಿಂದ 96 ಗಂಟೆಯ ಒಳಗೆ ಕುತ್ತಿಗೆಯ ಶಕ್ತಿ ಕುಂದಿ ಉಸಿರು ನಿಲ್ಲಬಹುದು. ರೌಂಡ್ಸ್‌ನಲ್ಲಿ ಒಂದೇ ಮಾತು ಕೇಳಿ: "ಯಜಮಾನ್ರೇ, ದಿಂಬಿನಿಂದ ತಲೆ ಎತ್ತಿ ನೋಡೋಣ." ಎತ್ತಲು ಆಗದಿದ್ದರೆ ವೆಂಟಿಲೇಟರ್ ಎಲ್ಲಿದೆ ಅಂತ ನೋಡಿ.

'ಇಲಿ ಪಾಷಾಣ' ಅನ್ನುವುದು ಒಂದು ವಸ್ತುವಿನ ಹೆಸರಲ್ಲ. ಬಿಲ್ಲೆಯಾದರೆ ರಕ್ತ ಹೆಪ್ಪುಗಟ್ಟದಂತೆ ಮಾಡುವುದಿರಬಹುದು, ಪುಡಿಯಾದರೆ ಫಾಸ್ಫೈಡ್ ಇರಬಹುದು, ಟ್ಯೂಬಿನ ಪೇಸ್ಟ್ ಆದರೆ ಹಳದಿ ರಂಜಕ. ಪೇಸ್ಟ್ ಬಗ್ಗೆ ಹುಷಾರಾಗಿರಿ. ಮೊದಲ ದಿನ ವಾಂತಿ, ಆಮೇಲೆ ಒಂದೆರಡು ದಿನ ರೋಗಿ ಆರಾಮಾಗಿ ಕಾಣುತ್ತಾರೆ, ಮನೆಗೆ ಕಳಿಸಿ ಅನ್ನುತ್ತಾರೆ. ಲಿವರ್ ಕೆಡುವುದು ಅದಾದ ಮೇಲೆ. ಕಳಿಸಬೇಡಿ. ಕಳೆ ಔಷಧಿ ಪ್ಯಾರಾಕ್ವಾಟ್ ಆದರೆ ಪ್ರತ್ಯೌಷಧ ಇಲ್ಲ, ಅಗತ್ಯವಿಲ್ಲದೆ ಆಕ್ಸಿಜನ್ ಕೊಟ್ಟರೆ ಶ್ವಾಸಕೋಶ ಇನ್ನೂ ಕೆಡುತ್ತದೆ.

ಹಾವಿನಲ್ಲಿ ಗದ್ದೆಯ ಕೊಳಕುಮಂಡಲ ರಕ್ತ ಕೆಡಿಸುತ್ತದೆ. ಒಣಗಿದ ಹೊಸ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡಿ, ಆಮೇಲೆ ಓರೆ ಮಾಡಿ. ಹೆಪ್ಪುಗಟ್ಟದಿದ್ದರೆ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ಶುರು. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಈ ಪರೀಕ್ಷೆ ಮಾಡಬೇಡಿ. ಕಟ್ಟು ಹಾವು ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಚ್ಚುತ್ತದೆ, ಗುರುತೂ ಕಾಣದಿರಬಹುದು, ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಜೋಲು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತ ಅಧಿಸೂಚಿತ ಕಾಯಿಲೆ, ಪ್ರತಿ ಕೇಸನ್ನೂ ವರದಿ ಮಾಡಬೇಕು.

ಬೀಜಗಳಿಗೆ ಮ್ಯೂಸಿಯಮ್ ಜಾರ್ ಸಾಲದು. ಒಂದು ಬಿಳಿ ತಟ್ಟೆಯಲ್ಲಿ ದತ್ತೂರಿ ಬೀಜ, ಒಣಮೆಣಸಿನಕಾಯಿ ಬೀಜ ಪಕ್ಕಪಕ್ಕ ಇಟ್ಟು ನೋಡಿ. ಮೆಣಸಿನದು ತೆಳ್ಳಗೆ, ನುಣ್ಣಗೆ, ಮಾಸಲು ಹಳದಿ. ದತ್ತೂರಿಯದು ದಪ್ಪ, ಕಂದು, ಕಿಡ್ನಿ ಆಕಾರ, ಮೇಲೆ ಸಣ್ಣ ಸಣ್ಣ ಗುಳಿ. ಆಮೇಲೆ ಕೈ ಚೆನ್ನಾಗಿ ತೊಳೆಯಿರಿ, ಆ ಕೈ ಕಣ್ಣಿಗೆ ಹೋದರೆ ಪಾಪೆ ಅಗಲವಾಗಿ ದಿನಗಟ್ಟಲೆ ಮಂಜು. ಗುಲಗಂಜಿ, ಹರಳು ಬೀಜ, ಎಕ್ಕ, ಹಳದಿ ಕಣಗಿಲೆ ಎಲ್ಲವೂ ನಮ್ಮ ರಸ್ತೆ ಬದಿಯಲ್ಲೇ ಇವೆ. ಕಣಗಿಲೆಗೆ ಮಾತ್ರ ಇಸಿಜಿ ಮತ್ತು ಪೊಟ್ಯಾಸಿಯಮ್ ನೋಡುವುದನ್ನು ಜೋಡಿಸಿ ಓದಿ, ಅದು ಹೃದಯದ ವಿಷ.

ಆ ಹುಡುಗಿಯ ಅಪ್ಪ ಉಳಿದುಕೊಂಡರು. ಆರನೇ ದಿನ ದಿಂಬಿನಿಂದ ತಲೆ ಎತ್ತಿ ನನ್ನ ಕಡೆ ನೋಡಿದರು. ಹುಡುಗಿ ವಾರ್ಡಿನ ಬಾಗಿಲಲ್ಲಿ ನಿಲ್ಲಿಸಿ ಕೇಳಿದಳು, "ಸಾ, ಪೊಲೀಸ್ನೋರ್ಗೆ ಬರ್ದಿದ್ದೀರಲ್ಲ, ಅಪ್ಪನ್ ಮ್ಯಾಲೆ ಕೇಸ್ ಹಾಕ್ತಾರಾ?" ಈ ಪ್ರಶ್ನೆ ನಿಮಗೂ ಬರುತ್ತದೆ, ಉತ್ತರ ಗೊತ್ತಿರಲಿ. ಪೊಲೀಸರಿಗೆ ತಿಳಿಸುವುದು ಈಗಲೂ ನಡೆಯುತ್ತದೆ. ಆದರೆ ಸಾಯಲು ನೋಡಿದರು ಅನ್ನುವುದಕ್ಕೇ ಶಿಕ್ಷೆ ಕೊಡುತ್ತಿದ್ದ ಐಪಿಸಿ 309 ಹೊಸ ಸಂಹಿತೆಯಲ್ಲಿ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಹಿಡಿಯಬೇಕು, ಸರ್ಕಾರ ಆರೈಕೆ ಕೊಡಬೇಕು ಅನ್ನುತ್ತದೆ. ಡಿಸ್ಚಾರ್ಜ್ ಬರೆಯುವ ಮೊದಲು ಮನೋವೈದ್ಯರ ರೆಫರೆನ್ಸ್ ಬರೆಯಿರಿ, ಕಾರ್ಡಿನ ಮೇಲೆ ಟೆಲಿ ಮಾನಸ್ ನಂಬರು 14416 ದಪ್ಪಕ್ಷರದಲ್ಲಿ ಬರೆದು ಕೊಡಿ. ಮನೆಯಲ್ಲಿ ಉಳಿದಿರುವ ಔಷಧಿ ಬಾಟಲಿಗಳನ್ನು ಬೀಗ ಹಾಕಿಡಲು ಆ ಮಗಳಿಗೇ ಹೇಳಿ ಕಳಿಸಿ.